ಬ್ರಹ್ಮಾವರದ ಅಜ್ಜಿಮನೆ

ನಾನು ಚಡ್ಡಿಯ ಲಾಡಿ ಕಟ್ಟಿಕೊಳ್ಳಲೂ ಬಾರದಷ್ಟು ಚಿಕ್ಕವನಿದ್ದಾಗ, ಬೇಸಗೆ ರಜೆ ಬಂತೆಂದರೆ ಕುಂದಾಪುರದ ಹತ್ತಿರದ ನಮ್ಮ ಊರು ಕೋಡಿಯ ಮಕ್ಕಳೆಲ್ಲ ಅಜ್ಜಿಮನೆಗೆ ಹೊರಟುಬಿಡುತ್ತಿದ್ದರು. ಉಳಿಯುತ್ತಿದ್ದವರು ನಾನು, ಅಕ್ಕ, ಮತ್ತೆ ಒಣಮೀನು ಕದಿಯುವ ಕಾಗೆಗಳು. ನಮ್ಮ ಅಮ್ಮ ರತ್ನಾಗಿರಿ ಕಡೆಯ ಹುಡುಗಿ, ತಂದೆ ತಾಯಿ ಇಲ್ಲದವಳು. ಹಂಚು ಸಾಗಿಸುವ ಹಾಯಿದೋಣಿಯಲ್ಲಿ ಕೆಲಸಕ್ಕೆ ಹೋಗಿದ್ದ ಅಪ್ಪ ಅಲ್ಲೇ ಮದುವೆಯಾಗಿ ಕರೆತಂದಿದ್ದ. ಇಲ್ಲಿ ಅವಳು ಮೀನಿನ ಬುಟ್ಟಿ ಹೊತ್ತಳು, ಕುಂದಾಪ್ರ ಕನ್ನಡ ಕಲಿತಳು, ಸಿಟ್ಟು ಬಂದಾಗ ಮಾತ್ರ ಮರಾಠಿಯಲ್ಲಿ ಬೈಯುತ್ತಿದ್ದಳು. ಆದರೆ ಅವಳಿಗೆ ಹೆತ್ತವರಿಲ್ಲ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ.

ನಾನೋ ಮಹಾ ಹಟಮಾರಿ. ನಗಬೇಡಿ ಮೊಮ್ಮಕ್ಕಳೇ, ನಿಮಗಿಂತ ಜೋರು. "ನಂಗೂ ಅಜ್ಜಿಮನಿ ಬೇಕ್" ಎಂದು ಮೂರು ದಿನ ಗಂಜಿ ಮುಟ್ಟದೆ ಅತ್ತೆ. ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಬುಟ್ಟಿಯನ್ನು ಮೂಲೆಗಿಟ್ಟು, ಮದುವೆಯ ಸೀರೆ ಉಟ್ಟು, "ನಡಿ ಮಗಾ, ಹೋಪ" ಎಂದಳು. ಅಕ್ಕ ಕಣ್ಣು ಕಣ್ಣು ಬಿಟ್ಟಳು. ಅಪ್ಪ ಬಲೆ ಹೊಲಿಯುತ್ತಾ ಕುಳಿತ.

ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಬ್ರಹ್ಮಾವರದಲ್ಲಿ ಬಹಳ ಜನ ಇಳಿದರು, ನಾವೂ ಇಳಿದೆವು. ಅಮ್ಮ ಸ್ವಲ್ಪ ದೂರ ನಡೆದು ನಿಂತಳು. ಮತ್ತೆ ಹಿಂದಕ್ಕೆ ಬಂದಳು. ಗದ್ದೆಯ ಅಂಚಿನಲ್ಲಿ ಹೋಗಿ ಒಂದು ಮನೆ ನೋಡಿ ಮುಂದಕ್ಕೆ ಹೋದಳು, ಇನ್ನೊಂದು ಮನೆಯಲ್ಲಿ ನಾಯಿ ಬೊಗಳಿತು, ಅದನ್ನೂ ಬಿಟ್ಟಳು. ಬಿಸಿಲಿಗೆ ನನ್ನ ಕಾಲು ಸುಡುತ್ತಿತ್ತು. ಕೊನೆಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನಿಂಗೆ ಯಾವ ಮನಿ ಅಡ್ಡಿಲ್ಲೆ ಅಂತ ಕಾಂತ್?" ಎಂದು ಕೇಳಿದಳು.

ಯಾವ ಮನೆ ಆಗಬಹುದು ಎಂದು ನನ್ನನ್ನೇಕೆ ಕೇಳುತ್ತಾಳೆ, ನನಗೆ ತಲೆಬುಡ ಅರ್ಥವಾಗಲಿಲ್ಲ. ತವರಿನ ದಾರಿಯೇ ಮರೆತುಹೋಯಿತೋ ಏನೋ ಪಾಪ, ಎಂದುಕೊಂಡೆ. ಹಲಸಿನ ಮರವಿದ್ದ ಒಂದು ಮನೆ ತೋರಿಸಿದೆ. ಅಂಗಳದಲ್ಲಿ ಒಬ್ಬರು ಅಜ್ಜಿ ಚಾಪೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದರು.

"ಯಾರ್ ಬೇಕಿತ್ತ್?" ಎಂದು ಅಜ್ಜಿ ಕೇಳಿದರು.

ಅಮ್ಮ ಬೇಲಿಯ ಹೊರಗೇ ನಿಂತುಬಿಟ್ಟಳು. ನಾನು ಒಳಗೆ ಓಡಿದೆ. "ಅಜ್ಜೀ, ನಂಗೆ ರಜಿ ಸಿಕ್ತ್!"

ಅಜ್ಜಿ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. ಅಮ್ಮ ಅಳುತ್ತಿದ್ದಳು. ಅಜ್ಜಿಮನೆಗೆ ಬಂದು ಅಳುವುದೆಂಥದ್ದು?

"ಬನಿ ಬನಿ, ಬಿಸ್ಲಂಗ್ ಎಂತಕ್ಕೆ ನಿಂತದ್ದ್? ಕಾಲ್ ತೊಳ್ಕಣಿ" ಎಂದರು ಅಜ್ಜಿ.

ಎಲೆಯಲ್ಲಿ ಸುತ್ತಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು ಕೊಟ್ಟರು, ಮೇಲೆ ತುಪ್ಪ. ಅಬ್ಬಬ್ಬಾ, ಆ ಪರಿಮಳ! ನಾನು ತಿನ್ನುತ್ತಿದ್ದಾಗ ಅಜ್ಜಿ ಅಮ್ಮನ ಹತ್ತಿರ ಬಗ್ಗಿ, "ನಿನ್ ಹೆಸ್ರ್ ಎಂತದ್ ಮಗಾ?" ಎಂದು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು. ಮಗಳ ಹೆಸರೇ ಗೊತ್ತಿಲ್ಲದ ಅಜ್ಜಿ! ಸಂಜೆ ಹೊರಡುವಾಗ ಅಜ್ಜಿ ಅಮ್ಮನ ತಲೆಗೆ ಅಬ್ಬಲಿಗೆ ಹೂ ಮುಡಿಸಿ, "ಮುಂದಿನ್ ರಜಿಗೂ ಬನಿ" ಎಂದು ನನ್ನ ಕೆನ್ನೆ ಹಿಂಡಿದರು.

"ಅಜ್ಜಿಗ್ ನಿನ್ ಹೆಸ್ರ್ ಮರ್ತ್ ಹೋಯ್ತಾ?" ಎಂದು ಬಸ್ಸಿನಲ್ಲಿ ಕೇಳಿದೆ. "ಪ್ರಾಯ ಆಯ್ತಲೆ ಮಗಾ" ಎಂದಳು ಅಮ್ಮ. ಮನೆಯಲ್ಲಿ ಅಕ್ಕ ಇನ್ನೊಂದು ಬಾಂಬು ಹಾಕಿದಳು: ಅಮ್ಮನ ಊರಿಗೆ ದೋಣಿಯಲ್ಲಿ ನಾಲ್ಕೈದು ದಿನದ ದಾರಿ, ನೀವು ಸಂಜೆಗೇ ಹೇಗೆ ಬಂದಿರಿ? ನನ್ನ ತಲೆ ಗಿರ್ರೆಂದಿತು. ಆದರೂ ಪ್ರತಿ ಬೇಸಗೆಗೂ ಹೋದೆವು, ಅಕ್ಕನೂ ಬಂದಳು. ಕೇಳಿದರೆ ಎಲ್ಲಿ ಅಜ್ಜಿಮನೆ ತಪ್ಪಿಹೋಗುತ್ತದೋ ಎಂಬ ಹೆದರಿಕೆಗೆ ನಾನು ಮತ್ತೆ ಬಾಯಿ ಬಿಡಲಿಲ್ಲ.

ಕುಂದಾಪುರಕ್ಕೆ ರೈಲು ಬಂದ ಮೇಲೆ, "ಅಮ್ಮಾ, ಈಗ ನಿನ್ನ ಊರಿಗೆ ಒಂದೇ ಹಗಲಿನ ದಾರಿ, ಹೋಪನಾ?" ಎಂದೆ. ಆಗಲೇ ಅವಳು ನಿಮ್ಮಪ್ಪನನ್ನು ಸೊಂಟದಲ್ಲಿ ಹೊತ್ತು ಬೆಳೆಸಿ ಮುದುಕಿಯಾಗಿದ್ದಳು. "ಅಲ್ಲ್ ಯಾರ್ ಇದ್ರ್ ಮಾರಾಯ? ತವ್ರಿಗ್ ಹೋಪುಕೆ ನಂಗೆ ಬಸ್ಸೇ ಸಾಕ್" ಎಂದು ನಗುತ್ತಾ ಅಂದಿನ ಕಥೆ ಹೇಳಿದಳು. ಎಲ್ಲಿ ಇಳಿಯುವುದೆಂದೇ ತಿಳಿಯದೆ, ಜನ ಇಳಿದಲ್ಲಿ ಇಳಿದಿದ್ದಳಂತೆ. "ಅಜ್ಜಿ ಯಾಕೆ ಒಳಗೆ ಕರೆದರು?" ಎಂದೆ. "ಅವ್ರೂ ಹೇಳ್ಲಿಲ್ಲೆ, ನಾನೂ ಕೇಣ್ಲಿಲ್ಲೆ" ಎಂದಳು.

ಎಂಬತ್ತು ದಾಟಿ ಅಮ್ಮ ತೀರಿಕೊಂಡ ದಿನ, ಆ ಅಜ್ಜಿಯ ಸೊಸೆ ಬ್ರಹ್ಮಾವರದಿಂದ ಬಂದು ತಲೆಯ ಹತ್ತಿರ ಕುಳಿತರು. ಅವರು ಯಾರೆಂದು ಯಾರೋ ಕೇಳಿದರು. "ತವ್ರಿನವ್ರ್" ಎಂದರು ಅವರು. ನಾನು ಮಗುವಿನ ಹಾಗೆ ಅತ್ತುಬಿಟ್ಟೆ. ನಿಜವಾಗಿ ಅವರು ನಮಗೆ ಏನಾಗಬೇಕು ಎಂದು ಕೇಳಿದರೆ ನಾನು ಈಗಲೂ ತಬ್ಬಿಬ್ಬಾಗುತ್ತೇನೆ.

ಮಕ್ಕಳೇ, ನಿಮಗೆ ಎರಡೆರಡು ಅಜ್ಜಿಮನೆ, ಬರುವ ಮೊದಲೇ ಮೊಬೈಲಿನಲ್ಲಿ ಊಟಕ್ಕೇನು ಎಂದು ಕೇಳುತ್ತೀರಿ. ಕೇಳಿ, ಸಂತೋಷ. ಆದರೆ ನಿನ್ನೆ ಮಧ್ಯಾಹ್ನ ಒಬ್ಬಳು ಪರವೂರಿನ ಹೆಂಗಸು ಮಗುವಿನ ಕೈ ಹಿಡಿದು ನಮ್ಮ ಗೇಟಿನ ಹೊರಗೆ ನಿಂತಿದ್ದಳು. "ಯಾರೋ ಗೊತ್ತಿಲ್ಲ ಅಜ್ಜ" ಎಂದು ನೀವು ಟಿವಿ ನೋಡುತ್ತಾ ಕುಳಿತಿರಿ. ನಾನು ಕೋಲು ಹುಡುಕಿ ಎದ್ದು ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ರಸ್ತೆಯ ತಿರುವಿನ ತನಕ ಹೋಗಿ ನೋಡಿದೆ, ಕಾಣಲಿಲ್ಲ.