ಬಣ್ಣ ಬಿಟ್ಟ ವಿಡಿಯೊ

ಅಮಾವಾಸ್ಯೆಯ ದಿನ ರಬಕವಿಯಲ್ಲಿ ನನಗೆ ಬೇಗ ಎಚ್ಚರವಾಗುತ್ತದೆ. ಉಳಿದ ದಿನ ಓಣಿಯ ತುಂಬ ಪವರ್‌ಲೂಮುಗಳು ಖಟಕ್ ಖಟಕ್ ಎನ್ನುತ್ತಿರುವಾಗ ಗಡದ್ದಾಗಿ ನಿದ್ದೆ ಬರುತ್ತದೆ; ಅಂದು ಮಗ್ಗಗಳೆಲ್ಲ ನಿಂತುಬಿಡುವುದರಿಂದ ಯಾರೋ ಹೊದಿಕೆ ಎಳೆದಂತಾಗಿ ಕಣ್ಣು ಬಿಡುತ್ತೇನೆ. ಆ ಹೊತ್ತಿಗಾಗಲೇ ನಮ್ಮ ಅತ್ತೆ ಪೂಜೆಯ ತಾಟು ಹಿಡಿದು ಹಿತ್ತಲ ಶೆಡ್ಡಿಗೆ ಹೊರಟಿರುತ್ತಾರೆ. ದುಡಿಯುವುದಕ್ಕೆಲ್ಲ ಅಂದು ರಜೆ, ರಜೆ ಇರುವುದಕ್ಕೆಲ್ಲ ವಿಭೂತಿ, ಕುಂಕುಮ. ಮಗ್ಗ, ಮೋಟಾರು, ಉಂಕಿಯ ಉದ್ದನೆಯ ನೂಲು ಸುತ್ತುವ ಯಂತ್ರ, ಕರೆಂಟಿನ ಮೀಟರು, ಯಾವುದನ್ನೂ ಅವರು ಬಿಟ್ಟವರಲ್ಲ.

ಆ ಶೆಡ್ಡಿನಲ್ಲಿ ಒಂದು ಕ್ಯಾಮೆರಾ ಇದೆ. ಕೋನುಗಳ ಮೇಲಿನ ನೂಲು ಕಾಣೆಯಾಗುತ್ತಿದೆ ಎಂದು ನಮ್ಮ ಯಜಮಾನರು ಜಮಖಂಡಿಯ ಅಂಗಡಿಯೊಂದರಿಂದ ತಂದು ಬಾಗಿಲ ಮೇಲೆ ಕೂರಿಸಿದ್ದರು. ಕಳ್ಳ ಸಿಕ್ಕ. ಬಾಲ ಉದ್ದವಿತ್ತು, ಗೋಡೆಯ ಬಿಲದಲ್ಲಿ ನೂಲಿನ ಗಾದಿ ಮಾಡಿಕೊಂಡು ಮರಿ ಹಾಕಿತ್ತು. ಇಲಿ ಹೋದರೂ ಕ್ಯಾಮೆರಾ ಉಳಿಯಿತು. ಅಂಗಡಿಯವನು "ಎಲ್ಲಾ ಐತ್ರಿ ಇದರಾಗ" ಎಂದಿದ್ದ. ಏನೆಲ್ಲ ಇದೆ ಎಂದು ನಾವು ಕೇಳಿರಲಿಲ್ಲ.

ಈಗ ಎದುರುಮನೆಯ ಕಾಕು. ಅವರೂ ನಮ್ಮ ಅತ್ತೆಯೂ ಒಂದೇ ಓಣಿಗೆ ಹೆಚ್ಚುಕಡಿಮೆ ಒಟ್ಟಿಗೆ ಸೊಸೆಯಾಗಿ ಬಂದವರು. ಕೈಮಗ್ಗದ ಕಾಲದಲ್ಲಿ ಮಗ್ಗದ ಮೇಲೆ ಮುಗಿಯುತ್ತ ಬಂದ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕಿತ್ತು. ಇಬ್ಬರೂ ಪಕ್ಕ ಪಕ್ಕ ಕೂತು ಎರಡೂ ಮನೆಯ ಎಳೆ ಕೂಡಿಸುತ್ತ ಎರಡೂ ಮನೆಯ ಮಾತು ಮುಗಿಸುತ್ತಿದ್ದರಂತೆ. ಕಾಕುವಿನ ಗಂಡ ಕಾಕಾ ಮಗ್ಗ ಬಿಟ್ಟು ಬಾಡಗಂಡಿ ಕಡೆ ಸಕ್ಕರೆ ಕಾರ್ಖಾನೆಯ ನೌಕರಿಗೆ ಹೋದರು, ನಿವೃತ್ತರೂ ಆದರು. ಈ ಇಬ್ಬರು ಹೆಂಗಸರು ಸಂಜೆ ನಮ್ಮ ಕಟ್ಟೆಯ ಮೇಲೆ ಕೂರುವುದು ಮಾತ್ರ ತಪ್ಪಿರಲಿಲ್ಲ.

ಅದು ತಪ್ಪಿದ್ದು ಒಂದು ಹೋಳಿಗೆಯಿಂದ.

ಪ್ರತಿ ಅಮಾವಾಸ್ಯೆಗೆ ಕಾಕು ನಮ್ಮ ಮಗ್ಗದ ನೈವೇದ್ಯಕ್ಕೆ ಒಂದು ಸ್ಟೀಲಿನ ಡಬ್ಬಿಯಲ್ಲಿ ಹೋಳಿಗೆ ಕಳಿಸುತ್ತಾರೆ. ಮಹಾಲಿಂಗಪುರದ ಬೆಲ್ಲ, ತುಪ್ಪ ಧಾರಾಳ. ಆ ಅಮಾವಾಸ್ಯೆಗೆ ಡಬ್ಬಿ ಬಂದ ಮಾರನೆಯ ದಿನ ಅವರು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಮ್ಮ ಬಾಗಿಲಿಗೆ ಬಂದರು. ಹೂ ಮಾರುವವಳು ಶೆಡ್ಡಿನ ಹಿಂದಿನಿಂದ ಹೋಗುವಾಗ ಯಾರೋ ಹೋಳಿಗೆಯನ್ನು ಹೊದೆಯುವ ಕೌದಿ ಎಂದದ್ದೂ ನಕ್ಕದ್ದೂ ಕೇಳಿಸಿತೆಂದು ಅವರ ಮುಂದೆ ಹೇಳಿದ್ದಳು.

"ನನ್ನ ಹೋಳಿಗಿ ಕೌದಿ ಆಗಿದ್ರ ನನ್ನ ಮುಂದ ಹೇಳಬೇಕಿತ್ತು. ಓಣಿಗೆಲ್ಲ ಕೇಳೂವಂಗ ಯಾಕ ಅಂದಿ?"

"ನಾ ಅಂದಿಲ್ಲ," ಎಂದರು ಅತ್ತೆ.

"ಮತ್ತ ಯಾರಂದ್ರು? ನಿನ್ನ ಬಿಟ್ಟು ಶೆಡ್ಡಿನಾಗ ಯಾರಿದ್ರು?"

ಅತ್ತೆ ಗೋಡೆಯ ಕಡೆ ಕೈ ತೋರಿಸಿ, "ಗ್ವಾಡಿ ಇದ್ದುವು," ಎಂದರು.

"ಗ್ವಾಡಿ ನಗತಾವೇನು?"

"ನಾ ಅಂದಿಲ್ಲ. ಅಷ್ಟ."

"ಇರ್ಲಿ ಬಿಡು. ಬರೂ ಸೋಮವಾರ ನಾವು ಜಮಖಂಡಿ ಹೊಸಾ ಮನಿಗೆ ಹೊಕ್ಕೇವಿ. ವಾಸ್ತುಶಾಂತಿಗೆ ಇಡೀ ಓಣಿಗೆ ಹೇಳೇನಿ. ನೀ ಮಾತ್ರ ಬರೂದು ಬ್ಯಾಡ."

ಕಾಕು ಹೋದರು. ಡಬ್ಬಿ ನಮ್ಮಲ್ಲೇ ಉಳಿಯಿತು. ಖಾಲಿ ಡಬ್ಬಿ ತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ತುಂಬಿಸಿ ಕೊಟ್ಟರೆ ತೆಗೆದುಕೊಳ್ಳುವ ಮನಸ್ಸು ಅವರಲ್ಲಿಲ್ಲ. ಅತ್ತೆ ಬಳಸದ ಆ ಡಬ್ಬಿಯನ್ನು ದಿನಾ ತೊಳೆದು, ಒರೆಸಿ, ಅದೇ ಜಾಗದಲ್ಲಿ ಇಡತೊಡಗಿದರು. ಸಂಜೆ ಕಟ್ಟೆಯ ಮೇಲೆ ಒಬ್ಬರೇ ಕೂತು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿರುತ್ತಿದ್ದರು. ಸೋಮವಾರದೊಳಗೆ ಇದು ಸರಿಹೋಗದಿದ್ದರೆ ಆ ಜಾಗ ಹಾಗೇ ಉಳಿಯುತ್ತದೆ ಎಂದು ನನಗೆ ಕಾಣುತ್ತಿತ್ತು.

"ಕ್ಯಾಮೆರಾ ಐತೆಲ್ಲ!" ಎಂದರು ನಮ್ಮ ಯಜಮಾನರು. "ಅವ್ವ ಹೋಳಿಗಿ ತಿನ್ನುವಾಗ ಮಾರಿ ಹೆಂಗಿತ್ತು ನೋಡಿದ್ರ ಗೊತ್ತಾಗತೈತಿ. ಒಳಗ ಯಾರ್ಯಾರು ಇದ್ರು ಅನ್ನೂದೂ ಗೊತ್ತಾಗತೈತಿ."

"ಬ್ಯಾಡ ಬಿಡ್ರಿ," ಎಂದರು ಅತ್ತೆ. ಆರೋಪ ಹೊತ್ತವರೇ ಬೇಡ ಎನ್ನುವುದು ನನಗೆ ವಿಚಿತ್ರವೆನಿಸಿತು. ಯಂತ್ರದ ಮೇಲೆ ನಂಬಿಕೆಯಿಲ್ಲ, ಅದಕ್ಕೆ ಎಂದುಕೊಂಡೆ.

ರೆಕಾರ್ಡು ಮಾಡುವ ಪೆಟ್ಟಿಗೆಯ ಫ್ಯಾನಿಗೆ ಹತ್ತಿಯ ದೂಳು ಸಿಕ್ಕು ಅದು ರಿಪೇರಿಗೆ ಹೋಗಬೇಕಿತ್ತು. ಅಂಗಡಿಯವನು ಆ ದಿನದ ರೆಕಾರ್ಡಿಂಗನ್ನು ಗಂಟೆಗೊಂದು ತುಂಡಿನಂತೆ ಪೆನ್‌ಡ್ರೈವಿಗೆ ಹಾಕಿಕೊಟ್ಟು, ಪೆಟ್ಟಿಗೆ ಒಯ್ದ. ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಒಂದೂ ತೆರೆಯಲಿಲ್ಲ. ಫೋನ್ ಮಾಡಿದೆ.

"ಅದಕ್ಕ ಕಂಪನಿ ಪ್ಲೇಯರ್ ಬೇಕ್ರಿ ಅಕ್ಕಾರ."

"ಹಂಗಾರ ಕಳಸ್ರಿ."

"ಅದು ಹಳೇ ವಿಂಡೋಸಿನಾಗ ಅಷ್ಟ ನಡೀತೈತ್ರಿ. ಕಂಪನಿಯವ್ರೂ ಈಗ ಆ ಮಾಲ್ ಬಿಟ್ಟಾರ."

ನಾನು ಮನೆಯಲ್ಲೇ ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುವವಳು. ಲ್ಯಾಪ್‌ಟಾಪು ಹಳೆಯದು, ಭಾರವಾಯಿತೆಂದು ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿದ್ದೆ. ಕಪ್ಪು ಪರದೆಯ ಮೇಲೆ ಆಜ್ಞೆ ಬರೆದು ಕೆಲಸ ಮಾಡಿಸುವುದು ಜಮಖಂಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತದ್ದು ಸ್ವಲ್ಪ ನೆನಪಿತ್ತು. ಹುಡುಕಿ ನೋಡಿದಾಗ ಇಂಥ ಕೆಲಸಕ್ಕೆಂದೇ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನ ಇರುವುದು ತಿಳಿಯಿತು. ಅದಕ್ಕೆ ಬಟನ್ನಿಲ್ಲ, ಕಿಟಕಿಯಿಲ್ಲ. ಬರೆದು ಹೇಳಬೇಕು.

ಯಜಮಾನರಿಗೆ ನಾನು ಹೀಗೆ ತಿಳಿಸಿ ಹೇಳಿದೆ: ವಿಡಿಯೊ ಎಂದರೆ ಬಹಳ ಉದ್ದದ ಸೀರೆ. ಬಿಚ್ಚಿ ಇಟ್ಟರೆ ಮನೆ ಸಾಲದು. ಮಡಚಿ, ಒತ್ತಿ, ಸಣ್ಣ ಕಟ್ಟು ಮಾಡುವ ರೀತಿಗೆ ಕೋಡೆಕ್ ಎನ್ನುತ್ತಾರೆ. ಎಲ್ಲ ಅಂಗಡಿಗೂ ಗೊತ್ತಿರುವ ಮಡಿಕೆಗಳಿವೆ. ಈ ಕಂಪನಿ ಮಾತ್ರ ಮೇಲೊಂದು ತನ್ನದೇ ಗಂಟು ಹಾಕಿ, ಬಿಚ್ಚುವ ಬಗೆಯನ್ನು ತನ್ನ ಪ್ಲೇಯರಿಗಷ್ಟೇ ಹೇಳಿಕೊಟ್ಟಿದೆ.

"ಗಂಟು ಬಿಚ್ಚಾಕ ಬರಲಿಲ್ಲಂದ್ರ ಕತ್ತರಿಸು," ಎಂದರು ಅವರು.

ಹೆಚ್ಚುಕಡಿಮೆ ಅದನ್ನೇ ಮಾಡಿದೆ. ಮೊದಲು ಒಂದು ಹೈಫನ್ ಬಿಟ್ಟುಹೋಗಿ ಬೈಸಿಕೊಂಡೆ. ಹೈಫನ್ ಹಾಕಿದ ಮೇಲೆ ಕಡತದ ಹೆಸರಿನ ನಡುವೆ ಜಾಗ ಬಿಟ್ಟದ್ದಕ್ಕೆ ಬೈಸಿಕೊಂಡೆ. ಎಲ್ಲ ಸರಿಯಾದಾಗ 'ಇನ್‌ವ್ಯಾಲಿಡ್ ಡೇಟಾ' ಎಂದಿತು. ಕೊನೆಗೆ, ಮೇಲಿನ ಗಂಟನ್ನು ನೋಡಲೇಬೇಡ, ಒಳಗಿರುವುದು ಎಚ್.೨೬೪ ಎಂಬ ಮಾಮೂಲಿ ಮಡಿಕೆ ಎಂದುಕೊಂಡೇ ಓದು ಎಂದು ಬರೆದೆ. ಬಡಬಡನೆ ಅಂಕಿಗಳು ಓಡತೊಡಗಿದವು. ಅತ್ತೆ ಹಿಂದಿನಿಂದ ಬಗ್ಗಿ, "ನೇಯಾಕತ್ತೇತೇನು?" ಎಂದರು. ಹೌದೆಂದೆ.

ನೇಯ್ದು ಕೊಟ್ಟದ್ದು ಪೂರ್ತಿ ಕೆಂಪು. ಹೋಳಿಗೆಯ ಹೊತ್ತಿನ ಆ ತುಂಡಿನಲ್ಲಿ ಶೆಡ್ಡಿಲ್ಲ, ಮಗ್ಗವಿಲ್ಲ, ಮುಖವಿಲ್ಲ. ಕೆಂಪಿನ ಅಂಚಿನಲ್ಲಿ ಒಂದಿಷ್ಟು ನೆಲ, ಅಷ್ಟೇ.

ನಮ್ಮ ಯಜಮಾನರು ಪರದೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಸೀರೆ ನೋಡುವ ರೂಢಿ. "ಬಣ್ಣ ಬಿಟ್ಟೈತಿ," ಎಂದು ತೀರ್ಪು ಕೊಟ್ಟರು. "ಕೆಂಪ ಒಂದು ಸರಿಯಾಗಿ ಕುದಿಸಿರಲಿಲ್ಲಂದ್ರ ಹಿಂಗ ಆಗತೈತಿ. ಎಲ್ಲಾದಕ್ಕೂ ಹತ್ತಿಬಿಡತೈತಿ."

ನನಗೂ ಅದು ಸರಿಯೆನಿಸಿತು. ಪರಿವರ್ತನೆಯಲ್ಲಿ ಬಣ್ಣದ ಲೆಕ್ಕ ತಪ್ಪಿದೆ ಎಂದುಕೊಂಡು, ಅಡುಗೆ ಮುಗಿಸಿ ಕೂತಾಗಲೆಲ್ಲ ಆಜ್ಞೆಯಲ್ಲಿ ಬಣ್ಣದ ಆಯ್ಕೆ ಬದಲಿಸುತ್ತ ಹೋದೆ. ಒಂದಕ್ಕೆ ಹಸಿರಾಯಿತು, ಒಂದಕ್ಕೆ ನೇರಳೆಯಾಯಿತು. ಒಂದಕ್ಕೆ ಬದನೆಕಾಯಿ ಬಣ್ಣದ ಮೇಲೆ ಅರಿಶಿನದ ಗೆರೆಗಳು ಬಂದವು.

"ತಡಿ, ತಡಿ, ಅಳಿಸಬ್ಯಾಡ," ಎಂದರು ಯಜಮಾನರು. "ಈ ಕಾಂಬಿನೇಷನ್ ಭಾಳ ಛಲೋ ಐತಿ. ಸೆರಗಿಗೆ ಹಾಕೋಣು." ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಈ ದಿನಗಳಲ್ಲಿ ಕಾಕಾ ತಪ್ಪದೆ ಚಹಾಕ್ಕೆ ಬರುತ್ತಿದ್ದರು. ಹೆಂಗಸರ ಜಗಳದಲ್ಲಿ ತಾವು ಯಾವ ಪಕ್ಷವೂ ಅಲ್ಲ ಎಂದು ಬಾಗಿಲಲ್ಲೇ ಹೇಳಿ ಒಳಗೆ ಬರುತ್ತಿದ್ದರು.

"ಚಿತ್ರ ಬಂತೇನವಾ?"

"ಬರೇ ಕೆಂಪ ಬರ್ತೈತ್ರಿ ಕಾಕಾ."

"ಧ್ವನಿ?"

"ಧ್ವನಿ ಇಲ್ಲ ಬಿಡ್ರಿ."

"ಹೋಗ್ಲಿ ಬಿಡವಾ, ಯಾಕಿಷ್ಟು ತ್ರಾಸ ತಗೋತಿ," ಎಂದು ಇನ್ನೊಂದು ಕಪ್ಪು ಕೇಳಿದರು. ನನ್ನ ಕಷ್ಟ ಕಂಡು ಮರುಗುವವರು ಇವರೊಬ್ಬರೇ ಎಂದು ಆಗ ನನಗೆ ಅನಿಸಿತ್ತು.

ಬಣ್ಣ ಹೊಂದಿಸಿ ಸಾಕಾಗಿ, ಅದಕ್ಕೂ ಹಿಂದಿನ ಗಂಟೆಯ ತುಂಡನ್ನು ಪರಿವರ್ತಿಸಿ ನೋಡಿದೆ. ಆಶ್ಚರ್ಯ! ಕನ್ನಡಿಯಂಥ ಚಿತ್ರ. ಅತ್ತೆ ತಾಟು ಹಿಡಿದು ಬಂದರು. ಮಗ್ಗಕ್ಕೆ ಕುಂಕುಮ ಹಚ್ಚಿದರು, ಮೋಟಾರಿಗೆ ಹಚ್ಚಿದರು, ಮೀಟರಿಗೆ ಹಚ್ಚಿದರು. ಸುತ್ತ ನೋಡಿದರು. ಮೇಲೆ ನೋಡಿದರು. ಒಂದು ಸ್ಟೂಲು ಎಳೆದುಕೊಂಡು ಹತ್ತಿದರು. ಅವರ ಮುಖ ಪರದೆಯ ತುಂಬ ಬಂತು, ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಆಮೇಲೆ ಹೆಬ್ಬೆರಳೊಂದು ದೊಡ್ಡದಾಗುತ್ತ, ದೊಡ್ಡದಾಗುತ್ತ ಬಂತು. ಕೆಂಪು.

"ಯವ್ವಾ!" ಎಂದು ಯಜಮಾನರು ಕೂಗಿದರು.

ಅತ್ತೆಗೆ ಏನೂ ಅನಿಸಲಿಲ್ಲ. "ಎಲ್ಲಾದಕ್ಕೂ ಹಚ್ಚಿ ಅದಕ್ಕೊಂದು ಬಿಡಬೇಕೇನು? ಅದೇನ ಪಾಪ ಮಾಡೇತಿ? ಹಗಲು ರಾತ್ರಿ ಕಣ್ಣ ಎವಿ ಬಡೀದ ಕುಂದರತೈತಿ."

"ಹೌದು, ಆದ್ರ ಕಣ್ಣಿಗೇ ಹಚ್ಚೀಯಲ್ಲ!"

"ಹಣಿ ಎಲ್ಲೈತಿ ಅದಕ್ಕ? ಇರೂದ ಒಂದ ಕಣ್ಣು."

ಯಜಮಾನರು ಸ್ಟೂಲು ಹತ್ತಿ ಕ್ಯಾಮೆರಾ ಒರೆಸಲು ಹೋದರು. ನಾನು ಕೂತಲ್ಲೇ ಕೂತೆ. ಕಣ್ಣು ಮುಚ್ಚಿದ್ದಾಯಿತು, ಕಿವಿಯೇನಾದರೂ ಇದೆಯೇ ಎಂಬ ಯೋಚನೆ ಬಂದದ್ದು ಆಗ. ಇಷ್ಟು ದಿನ ಮೇಲಿನ ಗಂಟು ನೋಡಬೇಡ ಎಂದು ನಾನೇ ಆಜ್ಞೆ ಕೊಡುತ್ತಿದ್ದೆನಲ್ಲ, ಆ ಗಂಟಿನಲ್ಲಿ ಬೇರೇನಾದರೂ ಇದ್ದರೆ ಅದನ್ನೂ ಬಿಸಾಡುತ್ತಿದ್ದೆ. ಮತ್ತೆ ಹುಡುಕಿದಾಗ, ಈ ಜಾತಿಯ ಗಂಟು ಬಿಚ್ಚುವುದು ಸಾಧನದ ಹೊಸ ಆವೃತ್ತಿಗೆ ಗೊತ್ತು ಎಂದು ಯಾರೋ ಪುಣ್ಯಾತ್ಮರು ಬರೆದಿದ್ದರು. ಮೊಬೈಲಿನ ನೆಟ್‌ನಿಂದ ಹೊಸದನ್ನು ಇಳಿಸಿಕೊಂಡೆ. ಯಾವ ಜುಲುಮೆಯೂ ಇಲ್ಲದೆ ಕಡತದ ಹೆಸರಷ್ಟೇ ಕೊಟ್ಟೆ. ಪರದೆಯ ಮೇಲೆ ಎರಡು ಸಾಲು ಬಂದವು: ಒಂದು ವಿಡಿಯೊ, ಒಂದು ಆಡಿಯೊ.

ಚಿತ್ರ ಬಿಡು, ಧ್ವನಿಯಷ್ಟೇ ಕೊಡು ಎಂದು ಬರೆದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅತ್ತೆ ಎದುರಿಗೇ ಕೂತು ಜೋಳ ಹಸನು ಮಾಡುತ್ತಿದ್ದರು.

ಮಗ್ಗ ನಿಂತ ದಿನವಾದ್ದರಿಂದ ಡಬ್ಬಿಯ ಮುಚ್ಚಳ ತೆಗೆದ ಸದ್ದೂ ಕೇಳಿಸಿತು. ಆಮೇಲೆ ಬಂತು ಕಾಕಾನ ದನಿ. "ಇದೇನು ಹೋಳಿಗಿಯೋ, ಕೌದಿಯೋ? ಹೊಚ್ಚಿಕೊಂಡು ಮಲಗಬಹುದು!" ಹೇಳಿ ತಾವೇ ನಕ್ಕರು.

ಮರುಕ್ಷಣ ಅತ್ತೆಯ ದನಿ: "ಸುಮ್ಮ ತಿನ್ರಿ. ಆಕಿ ಮಣಿಕಟ್ಟು ಬಾತೈತಿ. ಹಂತಾದ್ರಾಗ ಲಟ್ಟಿಸ್ಯಾಳ. ನಿಮಗ ಬ್ಯಾಡಾದ್ರ ಇಲ್ಲೆ ತರ್ರಿ, ನಾ ತಿಂತೀನಿ."

ಮತ್ತೆ ಕಾಕಾ: "ಆಕಿ ಮುಂದ ಹೇಳಬ್ಯಾಡ್ರಿ ಮತ್ತ. ಡಬ್ಬಿ ಬಾಗಲದಾಗ ಕೊಟ್ಟು ಪ್ಯಾಟಿಗೆ ಹೊಕ್ಕೇನಿ ಅಂತ ಹೇಳಿ ಬಂದೇನಿ."

ನಾನು ಇಯರ್‌ಫೋನ್ ತೆಗೆದೆ. ಅತ್ತೆ ಜೋಳದಿಂದ ಕಣ್ಣೆತ್ತಲಿಲ್ಲ.

"ಧ್ವನಿ ಬಂತೇನು?"

"ಬಂತ್ರಿ."

"ಆಕಿಗೆ ಕೇಳಸಬ್ಯಾಡ. ಹೊಸಾ ಮನಿ ಹೊಗಾಕತ್ತಾರ. ಗಂಡಾ ಹೆಂಡ್ತಿ ಜಗಳಾ ಹೊತಗೊಂಡು ಹೊಗೂದು ಛಲೋ ಅಲ್ಲ."

ಅವರ 'ಬ್ಯಾಡ ಬಿಡ್ರಿ' ನನಗೆ ಅರ್ಥವಾದದ್ದು ಆಗ. ಕೇಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಕಾಕುಗೆ ಕೇಳಿಸುವುದಿಲ್ಲ ಎಂದಷ್ಟೇ.

ಕಾಕಾ ಎಂದಿನಂತೆ ಬಂದರು. ಚಹಾ ಕೈಗೆ ಕೊಟ್ಟು, "ಕಾಕಾ, ಧ್ವನಿ ಬಂತ್ರಿ," ಎಂದೆ.

ಬಾಯಿಗೆ ಹೋಗುತ್ತಿದ್ದ ಕಪ್ಪು ಅಲ್ಲೇ ನಿಂತಿತು. "ಎಷ್ಟ ಬಂತು?"

"ಹೊಚ್ಚಿಕೊಂಡು ಮಲಗೂತನಕ ಬಂತ್ರಿ."

"ಅಳಸಾಕ ಬರತೈತೇನು?"

"ಬರತೈತ್ರಿ. ಆದ್ರ ಅದಕ್ಕೂ ಒಂದು ಆಜ್ಞೆ ಬರೀಬೇಕು. ಅದನ್ನ ನಾ ಇನ್ನೂ ಕಲತಿಲ್ಲ."

ಅವರು ಅತ್ತೆಯ ಕಡೆ ನೋಡಿದರು. ಅತ್ತೆ ಒಂದು ಕಲ್ಲು ಆರಿಸಿ ಹೊರಗೆ ಎಸೆದರು. ಕಾಕಾ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವರು ಚಹಾ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎದುರುಮನೆಯ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿನಲ್ಲೇ ಕಾಕುವಿನ ದನಿ ಎಷ್ಟು ಏರಿತೆಂದರೆ ಓಣಿಯ ಮಗ್ಗಗಳೆಲ್ಲ ನಿಂತವೋ ಎಂದು ಅನುಮಾನವಾಯಿತು. ಆಮೇಲೆ ತಣ್ಣಗಾಯಿತು. ಆಮೇಲೆ ಕಾಕು ರಸ್ತೆ ದಾಟಿ ಬಂದು, ಅತ್ತೆಯ ಮುಖ ನೋಡದೆ, "ನನ್ನ ಡಬ್ಬಿ ಕೊಡು," ಎಂದರು.

"ಖಾಲಿ ಕೊಡೂದಿಲ್ಲ."

"ಹಂಗಾರ ತುಂಬಿಸಿ ಕೊಡು. ಅಲ್ಲೀತನಕ ಕುಂದರತೀನಿ." ಕಟ್ಟೆಯ ಮೇಲೆ ಬಿಟ್ಟಿದ್ದ ಜಾಗದಲ್ಲಿ ಕೂತರು. ತಮ್ಮ ಮನೆಯ ಕಡೆ ಕತ್ತು ಹೊರಳಿಸಿ, "ಅವರು ಅಂದದ್ದು ಅವರ ಹೇಳಿದ್ರು. ನೀ ಏನಂದಿ ಅದನ್ನ ಹೇಳವಲ್ರು," ಎಂದರು.

ಕಾಕಾ ತಾವೇ ಒಪ್ಪಿಕೊಂಡ ಮೇಲೆ ನಾನು ಕೊಟ್ಟ ಮಾತಿಗೆ ಇನ್ನು ಭಾರವಿರಲಿಲ್ಲ. ನಾನು ಒಳಗೆ ಹೋಗಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದು, ಅತ್ತೆಯ ಮಾತಿನ ತುಂಡನ್ನಷ್ಟೇ ಕತ್ತರಿಸಿ, ಮೊಬೈಲಿಗೆ ಹಾಕಿಕೊಂಡು ಬಂದೆ. ಕಾಕು ಕಿವಿಗೆ ಹಿಡಿದು ಕೇಳಿದರು. ಇನ್ನೊಮ್ಮೆ ಹಚ್ಚು ಎಂದರು. ಕೇಳುತ್ತಲೇ ಬಾತಿದ್ದ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡರು.

"ಎಣ್ಣಿ ಹಚ್ಚೀ ಇಲ್ಲೋ ಅದಕ್ಕ?" ಎಂದು ಅತ್ತೆ ಗದರಿದರು. ಅಲ್ಲಿಗೆ ಜಗಳ ಮುಗಿಯಿತು.

ಸೋಮವಾರ ನಾವೆಲ್ಲ ಜಮಖಂಡಿಗೆ ಹೋದೆವು, ಡಬ್ಬಿಯ ತುಂಬ ಕರದಂಟು ತುಂಬಿಸಿಕೊಂಡು. ಹೊಸ ಮನೆಯ ಅಡುಗೆಮನೆಯಲ್ಲಿ ಕಾಕಾ ಬನಿಯನ್ನಿನ ಮೇಲೆ ಟವೆಲ್ ಕಟ್ಟಿಕೊಂಡು, ಮೂಗಿಗೆ ಹಿಟ್ಟು ಬಡಿದುಕೊಂಡು ಹೋಳಿಗೆ ಲಟ್ಟಿಸುತ್ತಿದ್ದರು. ಕಾಕು ಕುರ್ಚಿ ಹಾಕಿಕೊಂಡು, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಉಸ್ತುವಾರಿ ಮಾಡುತ್ತಿದ್ದರು. ಅವು ಖರೇನೇ ಕೌದಿಯಾಗಿದ್ದವು. ಒಂದಂತೂ ಬಿಚ್ಚಿ ಹಾಸುವ ಹಾಗಿತ್ತು. ಅತ್ತೆ ಅದನ್ನೇ ತಿಂದು, ಇನ್ನೊಂದು ಹಾಕಿಸಿಕೊಂಡರು.

ಊಟವಾದ ಮೇಲೆ ಅವರು ಕುಂಕುಮದ ಬಟ್ಟಲು ಹಿಡಿದು ತಲೆಬಾಗಿಲಿಗೆ ಹೋದರು. ಬಾಗಿಲ ಮೇಲೆ ಹೊಳೆಯುವ ಹೊಸ ಕ್ಯಾಮೆರಾ. ಅತ್ತೆ ಸ್ಟೂಲಿಗಾಗಿ ಅತ್ತಿತ್ತ ನೋಡತೊಡಗಿದರು.

"ಕಣ್ಣಿಗೆ ಬ್ಯಾಡ್ರಿ ಅತ್ತಿ," ಎಂದು ನಾನು ಓಡಿದೆ. "ಮ್ಯಾಲ ಎಲ್ಲೆರ ಹಚ್ಚರಿ."

ನನ್ನ ಹಿಂದಿನಿಂದ ಕಾಕಾ ಹಿಟ್ಟಿನ ಕೈಯಲ್ಲೇ ಸ್ಟೂಲು ತಂದಿಟ್ಟರು.

"ಹಚ್ಚಲಿ ಬಿಡವಾ," ಎಂದರು ಮೆಲ್ಲಗೆ. "ಕಣ್ಣಿಗೇ ಹಚ್ಚಲಿ." ಆಮೇಲೆ ಅತ್ತೆಯ ಕಡೆ ತಿರುಗಿದರು. "ವೈನೀ, ಅದರ ಕಿವಿ ಎಲ್ಲೈತಿ ನೋಡಿ ಅದಕ್ಕೂ ಒಂದೀಟು ಹಚ್ಚಿಬಿಡ್ರಿ."