ಗಡಿ ಕಾಳಗದ ಮೇಡಂ

ಪಾಮರ್ಸ್ಟನ್ ನಾರ್ತ್ ಊರಿನ ವಿಶ್ವವಿದ್ಯಾಲಯದಲ್ಲಿ ನಮಗೆ ಇತಿಹಾಸ ಹೇಳಿಕೊಟ್ಟ ಮೇಡಂ, ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಮಧ್ಯಯುಗದ ಕಾಳಗಗಳನ್ನು ಕನ್ನಡಕ ತಲೆಗೇರಿಸಿಕೊಂಡೇ ವಿವರಿಸುತ್ತಿದ್ದರು. ನಮ್ಮ ಪಾಳೇಗಾರರಂತೆ ರಾಜನ ಮೇಲೆ ತಿರುಗಿಬಿದ್ದ ಸಾಮಂತರನ್ನು ಯಾರಾದರೂ ಹೊಗಳಿದರೆ, “ಸರಿ, ಸುಟ್ಟುಹೋದ ಹೊಲ ಯಾರದು?” ಎನ್ನುತ್ತಿದ್ದರು.

ಒಂದು ದಿನ ವಿಭಾಗದ ಮುಖ್ಯಸ್ಥರು ತರಗತಿಗೇ ಬಂದು, ವಿದ್ಯಾರ್ಥಿಗಳು ಕಡಿಮೆ, ಬರುವ ವರ್ಷ ಈ ಪಾಠ ನಿಲ್ಲಿಸುತ್ತೇವೆ ಎಂದರು.

“ಕೂತು ಕೇಳಿ, ಆಮೇಲೆ ನಿಲ್ಲಿಸಿ,” ಎಂದರು ಮೇಡಂ.

ಅಂದು ಅವರು ಹೇಳಿದ್ದು, ದಂಡು ಬರುವ ಸುದ್ದಿ ಕೇಳಿ ಹಸು-ಕರುವನ್ನು ಜೌಗಿನಲ್ಲಿ ಅಡಗಿಸಿದ ಒಬ್ಬ ವಿಧವೆಯ ಕಥೆ. ಸವಾರರು ಹತ್ತಿರ ಬಂದಾಗ ಆಕೆ ಕರುವಿನ ಬಾಯಿ ಒತ್ತಿ ಹಿಡಿದು ನಿಂತಳು. ಅಷ್ಟಕ್ಕೆ ಅವಧಿ ಮುಗಿಯಿತು.

“ಕರು ಉಳೀತಾ?” ಮುಖ್ಯಸ್ಥರು ಕೇಳಿದರು.

“ಮುಂದಿನ ವಾರ ಹೇಳ್ತೀನಿ,” ಎಂದು ಮೇಡಂ ಬೋರ್ಡ್ ಒರೆಸಿದರು.

ಮುಂದಿನ ವಾರ ಮುಖ್ಯಸ್ಥರು ನಮಗಿಂತ ಮೊದಲೇ ಬಂದು ಕೂತಿದ್ದರು. ಪಾಠ ನಿಲ್ಲಿಸುವ ಮಾತು ಮತ್ತೆ ಏಳಲಿಲ್ಲ.