ಐದು ಕಂಪ್ಯೂಟರಿನ ಚಾರ್ಜು

ಆ ಬೀಗದ ಕೈ ನನ್ನ ಕೊರಳಿಗೆ ಬಿದ್ದದ್ದು ನನ್ನ ಬಾಯಿಂದಲೇ. ಚಿಂಚೋಳಿ ತಾಲೂಕಿನ ಒಂದು ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಿದ ವಾರ ಹೆಡ್ ಮಾಸ್ತರರು ಸುಮ್ಮನೆ ಕೇಳಿದ್ದರು, "ಕಂಪ್ಯೂಟರ್ ಏನರ ಬರ್ತದೇನ್ರಿ ಮೇಡಂ?" ಮದುವೆಗೆ ಮೊದಲು, ತೊಂಬತ್ತರ ದಶಕದ ಕೊನೆಯಲ್ಲಿ, ಶಹಾಬಾದಿನಲ್ಲಿ ಆರು ತಿಂಗಳ ಕೋರ್ಸು ಮಾಡಿದ್ದೆ. ಹೇಳದೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೊಸ ನೌಕರಿಯ ಹುಮ್ಮಸ್ಸು, ಹೇಳಿಬಿಟ್ಟೆ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಹಾಗಾಯಿತು. ಅದೇ ಶನಿವಾರ ಮಾಸ್ತರರು ಒಂದು ಬೀಗದ ಕೈಯನ್ನೂ ಒಂದು ಪಟ್ಟಿಯನ್ನೂ ನನ್ನ ಮುಂದೆ ಇಟ್ಟರು. ಐದು ಕಂಪ್ಯೂಟರು, ಐದು ಕೀಬೋರ್ಡು, ಒಂದು ಪ್ರಿಂಟರು, ಕೊನೆಗೆ 'ಎಲ್ಲವೂ ಸುಸ್ಥಿತಿಯಲ್ಲಿವೆ' ಎಂಬ ಸಾಲು. ಅದರ ಕೆಳಗೆ ನಾನು ಸಹಿ ಮಾಡಿದರೆ ಆ ಕೋಣೆಯ ಚಾರ್ಜು ನನ್ನದು.

ಸೇಡಂ ಬಸ್ಸು ಹೊರಡುವ ಹೊತ್ತು. ಆ ಬಸ್ಸು ತಪ್ಪಿದರೆ ಸೇಡಂನಲ್ಲಿ ರೈಲು ತಪ್ಪುತ್ತದೆ. ರೈಲು ತಪ್ಪಿದರೆ ಚಿತ್ತಾಪುರ, ವಾಡಿ ದಾಟಿ ಶಹಾಬಾದಿನ ನನ್ನ ಮನೆ ಸೇರುವುದು ಮರುದಿನವೇ. ಮನೆಯಲ್ಲಿ ಎರಡು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೆ. ಗಂಡನಿಗೆ ವಾಡಿಯ ಕಾರ್ಖಾನೆಯಲ್ಲಿ ಶಿಫ್ಟು. ವಾರಕ್ಕೊಮ್ಮೆ ಮಾತ್ರ ನಾನು ಆ ಮನೆಯ ಸೊಸೆ, ತಾಯಿ ಎಲ್ಲಾ. "ಎಲ್ಲಿ ಸೈನ್ ಮಾಡ್ಬೇಕು ಹೇಳ್ರಿ ಸರ್, ಬಸ್ಸಿಗಿ ಟೈಮ್ ಆಗ್ಯಾದ" ಅಂದೆ. ಒಂದು ಕಂಪ್ಯೂಟರಿನ ಗುಂಡಿಯನ್ನೂ ಒತ್ತಿ ನೋಡದೆ ಸಹಿ ಹಾಕಿ ಓಡಿದೆ.

ಎರಡು ವರ್ಷ ಆ ಕೋಣೆಗೆ ಬೀಗವೇ. ಆಯುಧ ಪೂಜೆಗೊಮ್ಮೆ ತೆಗೆದು, ಐದಕ್ಕೂ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಮತ್ತೆ ಮುಚ್ಚುತ್ತಿದ್ದೆವು. ಪೂಜೆ ಮಾಡಿದ್ದನ್ನು ಚಾಲೂ ಮಾಡಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಇತ್ತ ಮಗಳು ಅತ್ತೆಯನ್ನು ಅವ್ವ ಅನ್ನಲು ಕಲಿತಳು. ನನ್ನನ್ನು, ಓಣಿಯವರು ಕರೆಯುವುದನ್ನು ಕೇಳಿ ಕೇಳಿ, ಟೀಚರ್ ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

ಅಂಥದರಲ್ಲಿ ವರ್ಗಾವಣೆಯ ಆದೇಶ ಬಂತು. ರಾವೂರಿಗೆ! ವಾಡಿಯ ಪಕ್ಕದ ಊರು, ಶಹಾಬಾದಿನಿಂದ ದಿನಾ ಹೋಗಿಬರಬಹುದು. ಹದಿನೈದು ದಿನದೊಳಗೆ ಇಲ್ಲಿಂದ ಬಿಡುಗಡೆಯಾಗದಿದ್ದರೆ ಆದೇಶ ರದ್ದು ಎಂದೂ ಅದರಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮ ಪೂಜಾರಿ ಕನ್ನಡಕ ಏರಿಸಿಕೊಂಡು ನನ್ನ ಹಳೆಯ ಪಟ್ಟಿಯನ್ನು ತೆಗೆದರು.

"ಕಂಪ್ಯೂಟರ್ ಚಾರ್ಜು ಕೊಡ್ರಿ, ಹೋಗ್ರಿ. ಯಾರು ಬ್ಯಾಡಂತಾರ? ಒಂದ್ ಕೆಲ್ಸ ಮಾಡ್ರಿ, ನಿಮ್ಮ ಬಿಡುಗಡಿ ಪತ್ರ ಅದ್ರಾಗೇ ಕನ್ನಡದಾಗ ಟೈಪ್ ಮಾಡಿ ಪ್ರಿಂಟ್ ತೆಗೀರಿ. ನಾ ಸೈನ್ ಮಾಡ್ತೀನಿ."

ಅವರೇನೂ ಕೆಟ್ಟ ಮನುಷ್ಯರಲ್ಲ. ಮೇಲಿನವರು ಬಂದು ಕೇಳಿದರೆ ತೋರಿಸಲು ಅವರಿಗೊಂದು ಕಾಗದ ಬೇಕಿತ್ತು, ಅಷ್ಟೆ.

ಬೀಗ ತೆಗೆದು ಒಂದೊಂದೇ ಗುಂಡಿ ಒತ್ತಿದೆ. ಮೊದಲನೆಯದಕ್ಕೆ ಜೀವವೇ ಇಲ್ಲ. ಎರಡನೆಯದರೊಳಗೆ ಇಲಿ ಬಾಣಂತನ ಮಾಡಿಕೊಂಡಿತ್ತು. ಮೂರನೆಯದು ಕುಂಯ್ ಕುಂಯ್ ಅಂದು ಸುಮ್ಮನಾಯಿತು. ನಾಲ್ಕನೆಯದರಿಂದ ಸುಟ್ಟ ವಾಸನೆ. ಐದನೆಯದು, ಕಿಟಕಿಯ ಪಕ್ಕದ್ದು, ಗೊರಗೊರ ಅನ್ನುತ್ತ ಎದ್ದಿತು. ಅದರ ಗಡಿಯಾರ ಎಷ್ಟೋ ವರ್ಷ ಹಿಂದಿನ ಒಂದು ಜನವರಿ ತೋರಿಸುತ್ತಿತ್ತು. ಕನ್ನಡ ಇದ್ದಲ್ಲೆಲ್ಲ ಸಾಲುಸಾಲು ಖಾಲಿ ಚೌಕಗಳು, ಅಕ್ಷರ ಒಂದೂ ಇಲ್ಲ.

ಆ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಸಾಫ್ಟ್‌ವೇರು. ಅದಕ್ಕೆ ಹೊಸದೇನಾದರೂ ಬೇಕಾದರೆ, ಕನ್ನಡದ ಅಕ್ಷರವೇ ಇರಲಿ, ಪ್ರಿಂಟರಿನ ಸಾಫ್ಟ್‌ವೇರೇ ಇರಲಿ, ತನ್ನೊಳಗೆ ಬರೆದಿಟ್ಟುಕೊಂಡ ನಾಲ್ಕಾರು ವಿಳಾಸಗಳಿಗೆ ಇಂಟರ್ನೆಟ್ಟಿನಲ್ಲಿ ಹೋಗಿ ಕೇಳುತ್ತದೆ. ರಿಪಾಸಿಟರಿ ಅನ್ನುವ ಉಗ್ರಾಣಗಳು ಅವು. ಇಂಟರ್ನೆಟ್ ಬೇಕೆಂದರೆ ಫೋನು ಬೇಕು. ಶಾಲೆಗಿದ್ದ ಒಂದೇ ಫೋನು ಹೆಡ್ ಮಾಸ್ತರರ ಮೇಜಿನ ಮೇಲೆ. ಅದರ ವೈರಿಗೆ ಇನ್ನೊಂದು ವೈರು ಕೂಡಿಸಿ ಕಿಟಕಿಯಿಂದ ಹೊರಗೆಳೆದು, ಬೇವಿನ ಮರದ ಕೆಳಗಿಂದ ನನ್ನ ಕೋಣೆಗೆ ತಂದೆ. ಕಂಪ್ಯೂಟರನ್ನು ಫೋನಿಗೆ ಸೇರಿಸುವ ಮೋಡೆಮ್ಮು ಕಿರುಚಿತು. ಉಗ್ರಾಣದ ಪಟ್ಟಿ ತಾ ಎಂದು ಅಪ್ಪಣೆ ಕೊಟ್ಟೆ. ಮೊದಲ ವಿಳಾಸ: ಸಿಗಲಿಲ್ಲ. ಎರಡನೆಯದು: ಸಿಗಲಿಲ್ಲ. ಮೂರು, ನಾಲ್ಕು, ಅದೇ ಮಾತು. ಮತ್ತೆ ಕೇಳಿದೆ. ಬೇಡಿಕೊಂಡೆ ಅಂದರೂ ತಪ್ಪಿಲ್ಲ. ಸಿಗಲಿಲ್ಲ, ಸಿಗಲಿಲ್ಲ. ಅಷ್ಟರಲ್ಲಿ ಮಾಸ್ತರರು ಆ ಕಡೆ ಫೋನೆತ್ತಿದರು, ಸಂಪರ್ಕ ಕಡಿದುಹೋಯಿತು. "ಏನ್ರಿ ಇದು, ಫೋನಿನಾಗ ಯಾರೋ ಚೀರ್ಲಿಕತ್ತಾರ!" ಎಂದು ಅಲ್ಲಿಂದಲೇ ಕೂಗಿದರು.

ಐದು ದಿನ ಹೀಗೇ ಹೋಯಿತು. ಪಾಠ ಮುಗಿಸುವುದು, ಬೀಗ ತೆಗೆಯುವುದು, ಸಿಗಲಿಲ್ಲ ಅನ್ನಿಸಿಕೊಳ್ಳುವುದು, ಬೀಗ ಹಾಕುವುದು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೂ ಸರಳು. ಸರಳಿನಾಚೆ ಸೇಡಂ ಬಸ್ಸು ಬಂದು ನಿಲ್ಲುವುದು, ಜನ ಇಳಿಯುವುದು, ಹತ್ತುವುದು, ಹೋಗುವುದು ಎಲ್ಲಾ ಕಾಣುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಮಾಸ್ತರರ ಮೇಲೆ, ಕಂಪ್ಯೂಟರಿನ ಮೇಲೆ, ಬಸ್ಸು ಹತ್ತುವವರ ಮೇಲೆ. ಕೊನೆಗೆ ಸಿಟ್ಟು ಬಂದು ನಿಲ್ಲುತ್ತಿದ್ದದ್ದು ಆ ಪಟ್ಟಿಯ ಕೆಳಗಿದ್ದ ನನ್ನ ಸಹಿಯ ಮೇಲೆ. ಮಾಡಿದ್ದುಣ್ಣೋ ಮಹಾರಾಯ.

ಭಾನುವಾರ ಶಹಾಬಾದಿನಲ್ಲಿ ನನಗೆ ಕೋರ್ಸು ಕಲಿಸಿದ ಸರ್ ಅವರನ್ನು ಹುಡುಕಿಕೊಂಡು ಹೋದೆ. ಅವರು ಆ ಕಂಪ್ಯೂಟರ್ ಕ್ಲಾಸು ಮುಚ್ಚಿ, ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಅಂಗಳದಲ್ಲಿ ಮ್ಯಾನೇಜರಾಗಿದ್ದರು. ಮೈಯೆಲ್ಲ ಬಿಳಿ ಧೂಳು, ಹುಬ್ಬಿಗೂ ಧೂಳು. ಯಂತ್ರದ ಗದ್ದಲದ ನಡುವೆ ನನ್ನ ಕಥೆ ಕೇಳಿ ನಕ್ಕರು.

"ಆ ಲಿನಕ್ಸ್ ಭಾಳ ಹಳೇದವ್ವ. ಅದರ ಕಾಲ ಮುಗದದ. ಆದ್ರ ಹಳೇದನ್ನ ಯಾರೂ ಒಗಿಯಂಗಿಲ್ಲ, ಬ್ಯಾರೆ ಕಡಿ ಎತ್ತಿ ಇಟ್ಟಿರ್ತಾರ. ಪಾಪ, ಅದಕ್ಕ ಗೊತ್ತಿಲ್ಲ. ಹಳೇ ಮನಿ ಬಾಗಲಾನೇ ಬಡೀಲಿಕತ್ತದ."

ಒಂದು ಚೀಟಿಯ ಹಿಂದೆ ಹೊಸ ವಿಳಾಸ ಬರೆದುಕೊಟ್ಟರು. ಇಷ್ಟೇ? ಇಷ್ಟಕ್ಕೇ ನಾನು ಐದು ದಿನ ಸತ್ತೆನೇ ಅನ್ನಿಸಿ ಅಲ್ಲೇ ಪರಸಿಯ ರಾಶಿಯ ಮೇಲೆ ಕೂತುಬಿಟ್ಟೆ.

ಸೋಮವಾರ ವಿಳಾಸದ ನಾಲ್ಕು ಸಾಲುಗಳನ್ನು ಅಳಿಸಿ ಹೊಸದು ಬರೆದೆ. ಉಗ್ರಾಣದ ಪಟ್ಟಿ ಹನಿಹನಿಯಾಗಿ ಇಳಿಯತೊಡಗಿತು. ಇಳಿದ ಮೇಲೆ ಯಂತ್ರ ಇನ್ನೊಂದು ತಕರಾರು ತೆಗೆಯಿತು. ಕಳಿಸಿದವರ ಸಹಿ ನನಗೆ ಪರಿಚಯವಿಲ್ಲ, ಖಾತ್ರಿ ಮಾಡಿಕೊಳ್ಳಲು ಆಗುತ್ತಿಲ್ಲ, ಆದರೂ ಮುಂದುವರಿಯಲೇ ಅಂತ. ಎಷ್ಟೋ ವರ್ಷ ಮಲಗಿ ಎದ್ದ ಕಂಪ್ಯೂಟರಿಗೂ ನನಗಿಂತ ಹೆಚ್ಚು ಬುದ್ಧಿಯಿತ್ತು. ಹೌದು ಅನ್ನುವ ಗುಂಡಿ ಒತ್ತಿದೆ.

ಆಮೇಲೆ ಕನ್ನಡದ ಅಕ್ಷರ ತರಿಸಲು ಹೋದರೆ ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೊಂದು ಬೇಕು. ಮುಕ್ಕಾಲು ಇಳಿಯುವಷ್ಟರಲ್ಲಿ ಮಾಸ್ತರರು ಫೋನೆತ್ತುತ್ತಾರೆ. ಮತ್ತೆ ಮೊದಲಿನಿಂದ. ಅವರ ಕೋಣೆಯ ಬಾಗಿಲಲ್ಲಿ ನಿಂತು, "ಸರ್, ಒಂದ್ ತಾಸು ಫೋನ್ ಮುಟ್ಟಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೀನಿ" ಅಂದೆ. ನನ್ನ ದನಿಗೆ ಅವರೇ ಹೆದರಿದರು. ರಿಸೀವರಿನ ಮೇಲೆ ಹಾಜರಿ ಪುಸ್ತಕ ಇಟ್ಟುಕೊಂಡು ಕೂತರು.

ಹದಿಮೂರನೆಯ ದಿನ ಚೌಕಗಳು ಅಕ್ಷರಗಳಾದವು. ನಾನು ಮೊದಲು ಟೈಪು ಮಾಡಿದ್ದು ಮಗಳ ಹೆಸರು. ಅದನ್ನು ಅಳಿಸಿ ಬಿಡುಗಡೆ ಪತ್ರ ಬರೆದೆ. ಪ್ರಿಂಟರಿನ ಹಳೇ ರಿಬ್ಬನ್ನು ಮಸುಕು ಮಸುಕಾಗಿ ಹೊಡೆಯಿತು. ಮಾಸ್ತರರು ಕಾಗದವನ್ನು ಬೆಳಕಿಗೆ ಹಿಡಿದು, "ಭಾಳ ಚಂದ ಬಂದಾವ್ರಿ ಅಕ್ಷರ" ಅಂದರು.

"ಸರ್, ಐದ್ರಾಗ ಒಂದೇ ನಡೀತದ. ನಾಕು ಸತ್ತಾವ. ಪಟ್ಟಿನಾಗ ಹಂಗೇ ಬರೀಲೇನ್ರಿ?"

ಅವರು ಕಾಗದ ಕೆಳಗಿಟ್ಟರು. "ಬರೀರಿ. ಆದ್ರ ವರದಿ ಹೋಗ್ತದ, ತನಿಖಿ ಆಗ್ತದ. ಅದು ಮುಗಿಯೋತನ ನಿಮ್ಮನ್ನ ಬಿಡ್ಲಿಕ್ಕ ಬರಂಗಿಲ್ಲ. ನೋಡ್ರಿ ಮತ್ತ."

ನಾನು ಬರೆಯಲಿಲ್ಲ.

ಹದಿನೈದನೆಯ ದಿನ ಶನಿವಾರ. ನನ್ನ ಜಾಗಕ್ಕೆ ಬಂದ ಹೊಸ ಟೀಚರು ಸೇಡಂದವರು, ನನಗಿಂತ ಐದಾರು ವರ್ಷ ಚಿಕ್ಕವರು. ಪಟ್ಟಿ ಅವರ ಮುಂದೆ ಇಟ್ಟೆ. ಕಿಟಕಿ ಪಕ್ಕದ ಕಂಪ್ಯೂಟರನ್ನು ಮೊದಲೇ ಚಾಲೂ ಮಾಡಿಟ್ಟಿದ್ದೆ, ಉಳಿದ ನಾಲ್ಕಕ್ಕೆ ಬಟ್ಟೆ ಹೊದಿಸಿದ್ದೆ. ಬಟ್ಟೆ ಎತ್ತಿ ನೋಡಿದರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ದೇವರಿಗೆ ಮಾತು ಕೊಟ್ಟಿದ್ದೆ. ಅವರು ಕೈಗಡಿಯಾರ ನೋಡಿಕೊಂಡು ಅಂದರು, "ಎಲ್ಲಿ ಸೈನ್ ಮಾಡ್ಬೇಕು ಹೇಳ್ರಿ ಮೇಡಂ, ಬಸ್ಸಿಗಿ ಟೈಮ್ ಆಗ್ಯಾದ."

ನಾನು ಬೆರಳಿಟ್ಟು ಜಾಗ ತೋರಿಸಿದೆ.

ಸಹಿ ಹಾಕುತ್ತಿದ್ದಂತೆ ಬೀಗದ ಕೈ ಕೊಟ್ಟೆ. ಶಹಾಬಾದಿನ ಸರ್ ಬರೆದುಕೊಟ್ಟ ಚೀಟಿಯನ್ನು ಗೋಡೆಗೆ ಅಂಟಿಸಿದೆ, ಪ್ರಾಯಶ್ಚಿತ್ತ ಮಾಡಿಕೊಂಡವಳ ಹಾಗೆ. ಇಬ್ಬರೂ ಒಂದೇ ಬಸ್ಸಿಗೆ ಓಡಿದೆವು. ಅವರು ಮೊದಲು ಹತ್ತಿ ನನಗೂ ಸೀಟು ಹಿಡಿದರು. ಕೂಸಿಗೆ ಒಂಬತ್ತು ತಿಂಗಳು, ತಾಯಿಯ ಹತ್ತಿರ ಬಿಟ್ಟು ಬಂದೀನಿ, ಎದೆ ಭಾರ ಆಗ್ಯಾದ ಎಂದು ದಾರಿಯುದ್ದಕ್ಕೂ ಹೇಳಿದರು. ಹುರಿದ ಶೇಂಗಾದ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದರು. ನಾನು ಬೇಡವೆಂದು ಹೊರಗೆ ತೊಗರಿ ಹೊಲ ನೋಡುತ್ತ ಕೂತೆ.

ರಾವೂರಿಗೆ ದಿನಾ ಹೋಗಿ ದಿನಾ ಬರತೊಡಗಿದೆ. ಆದರೂ ಮಗಳು ಹಸಿವಾದರೆ ಅತ್ತೆಯ ಹತ್ತಿರ ಓಡುತ್ತಿದ್ದಳು, ಬಿದ್ದರೂ ಅತ್ತೆಯ ಹತ್ತಿರವೇ. ಚಿಂಚೋಳಿಯ ಕಾಲದ ಹಾಗೆ ಸೋಮವಾರ ಬೆಳಿಗ್ಗೆ ನನ್ನ ಚೀಲ ಎಳೆದು ತಂದು ಬಾಗಿಲಲ್ಲಿ ಇಡುವ ಚಟ ಮಾತ್ರ ಬಹಳ ದಿನ ಬಿಡಲಿಲ್ಲ. ಅವ್ವ ಅನ್ನಲು ಒಂದು ವರ್ಷವೇ ಹಿಡಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಆ ಹೊಸ ಟೀಚರನ್ನು ನಾನು ಮರೆಯಲು ನೋಡಿದೆ. ಹೆಚ್ಚುಕಡಿಮೆ ಮರೆತೆ ಕೂಡ.

ಎರಡು ವರ್ಷದ ಮೇಲೆ ಮನೆಗೆ ಫೋನು ಬಂತು. ಅವರೇ. ಅವರಿಗೂ ಸೇಡಂಗೆ ವರ್ಗಾವಣೆಯಾಗಿತ್ತು, ಅವರಿಗೂ ಹದಿನೈದೇ ದಿನ, ಅದರಲ್ಲಿ ಎಂಟು ಮುಗಿದಿತ್ತು. ಕಿಟಕಿ ಪಕ್ಕದ್ದು ಏಳುತ್ತದೆ ಆದರೆ ಪ್ರಿಂಟರಿನ ಗುರುತು ಸಿಗುತ್ತಿಲ್ಲ ಅನ್ನುತ್ತದೆ, ಗೋಡೆಯ ಚೀಟಿಯಲ್ಲಿದ್ದ ವಿಳಾಸವೂ ಈಗ ಸಿಗಲಿಲ್ಲ ಅನ್ನುತ್ತದೆ, ಉಳಿದ ನಾಲ್ಕು ಏಳುವುದೇ ಇಲ್ಲ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಮೇಡಂ, ನೀವು ಇಲ್ಲಿಂದ ಹೆಂಗ ಹೊರಗ ಬಂದ್ರಿ?"

ಹೇಳಲು ಒಂದು ಸುಳ್ಳು ಹುಡುಕಿದೆ. ಬರಲಿಲ್ಲ. "ನಿಮ್ಮ ಸಹಿ ಮ್ಯಾಲ ಬಂದೀನ್ರಿ" ಅಂದೆ.

ಆ ಕಡೆಯಿಂದ, "ಗೊತ್ತದ್ರಿ" ಅಂದರು. "ಅವತ್ತು ಶೇಂಗಾ ತಿನ್ಲಿಲ್ಲಲ್ರಿ ನೀವು. ಏನೋ ಅದ ಅಂತ ಬಸ್ಸಿನಾಗೇ ಅನ್ನಿಸಿತ್ತು. ಶನಿವಾರ ಬರ್ತೀರೇನ್ರಿ?"

ಬರುತ್ತೇನೆ ಅಂದೆ. ಪಟ್ಟಿಯಲ್ಲಿ ಆ ನಾಲ್ಕು ನನ್ನ ಕಾಲಕ್ಕೇ ಸತ್ತಿದ್ದವೆಂದು ನನ್ನ ಕೈಯಾರೆ ಬರೆದು ಸಹಿ ಮಾಡುತ್ತೇನೆ ಎಂದೂ ಅಂದೆ. ತನಿಖೆ ಆದರೆ ಇನ್ನು ನನ್ನ ಮೇಲೆ.

ಶನಿವಾರ ಬೆಳಿಗ್ಗೆ ಚಿಂಚೋಳಿಗೆ ಒಯ್ಯುತ್ತಿದ್ದ ಹಳೆಯ ಚೀಲ ಕೈಗೆ ತೆಗೆದುಕೊಂಡು, "ಸಂಜಿಗಿ ಬಂದುಬಿಡ್ತೀನಿ ಪುಟ್ಟಿ" ಎಂದು ಮಗಳಿಗೆ ಹೇಳಿದೆ. ಅವಳು ಚೀಲವನ್ನೊಮ್ಮೆ ನೋಡಿದಳು. ಹೋಗಿ ಅತ್ತೆಯ ಸೆರಗು ಹಿಡಿದು ನಿಂತಳು.